ಅಬಿಂಗ್ಡನ್ನಿನಲ್ಲಿ ಒಂದು ಜೀರ್ಣೋದ್ಧಾರ

ಆಕ್ಸ್‌ಫರ್ಡಿಗೆ ಹೋದ ಪ್ರವಾಸಿಗಳು ವಿದ್ಯಾಲಯಗಳ ಗೋಪುರಗಳನ್ನು ಕಣ್ತುಂಬ ನೋಡಿ ಲಂಡನ್ನಿಗೆ ಮರಳುವುದು ವಾಡಿಕೆ. ಅಲ್ಲಿಂದ ದಕ್ಷಿಣಕ್ಕೆ ಆರೇಳು ಮೈಲಿಗಳಾಚೆ, ಥೇಮ್ಸ್ ನದಿಯ ದಡದಲ್ಲಿರುವ ಅಬಿಂಗ್ಡನ್ನಿಗೆ ಹೋಗುವವರು ವಿರಳ. ಹಳೆಯ ಕಲ್ಲುಸೇತುವೆ, ಸಂತೆಯ ಚೌಕ, ಚೌಕದಲ್ಲಿ ಹದಿನೇಳನೆಯ ಶತಮಾನದ ಕೌಂಟಿ ಹಾಲ್ ಎಂಬ ಭವ್ಯ ಕಟ್ಟಡ. ರಾಜಮನೆತನದಲ್ಲಿ ಶುಭಕಾರ್ಯಗಳಾದಾಗ ಊರ ಪ್ರಮುಖರು ಈ ಕಟ್ಟಡದ ನೆತ್ತಿಯನ್ನೇರಿ ಕೆಳಗೆ ನೆರೆದ ಜನರತ್ತ ಬನ್ನುಗಳನ್ನು ಎಸೆಯುವ ಸಂಪ್ರದಾಯವುಂಟು. ತೇರಿಗೆ ಬಾಳೆಯ ಹಣ್ಣನ್ನು ಎಸೆಯುವ ನಾಡಿನಿಂದ ಹೋದವನಿಗೆ ಇದು ಅಪರಿಚಿತವೆನಿಸಲಿಲ್ಲ. ದಿಕ್ಕು ಮಾತ್ರ ತಿರುಗುಮುರುಗು, ಅಷ್ಟೆ.

ಆ ಕಟ್ಟಡವೀಗ ವಸ್ತುಸಂಗ್ರಹಾಲಯ. ಅದರೊಳಗೆ ಒಂದು ಕಾರು ನಿಂತಿದೆ: ಈ ಊರಿನ ಕಾರ್ಖಾನೆಯಿಂದ 1980ರಲ್ಲಿ ಹೊರಬಂದ ಕಟ್ಟಕಡೆಯ ಎಂ.ಜಿ.ಬಿ.

ಎಂ.ಜಿ. ಎಂದೊಡನೆ ಬೆಂಗಳೂರಿನವರ ಮನಸ್ಸು ಮಹಾತ್ಮಾ ಗಾಂಧಿ ರಸ್ತೆಗೆ ಓಡುವುದು ಸಹಜ. ಇಲ್ಲಿ ಅದು ‘ಮಾರಿಸ್ ಗ್ಯಾರೇಜಸ್’ ಎಂಬುದರ ಸಂಕ್ಷೇಪ. 1929ರಲ್ಲಿ ಈ ಕಾರ್ಖಾನೆ ಅಬಿಂಗ್ಡನ್ನಿಗೆ ಬಂದಿತು. ಇದರ ಕಾರುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನಪ್ರಿಯವಾದ ಎಂ.ಜಿ.ಬಿ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಮೀರಿ ತಯಾರಾಯಿತು. ನಮಗೂ ಇದರೊಡನೆ ಒಂದು ನಂಟಿದೆ. 2014ರವರೆಗೆ ತಯಾರಾದ ನಮ್ಮ ಅಂಬಾಸಡರ್ ಬಹುಕಾಲ ಹೊತ್ತಿದ್ದ 1489 ಸಿ.ಸಿ. ಎಂಜಿನ್ನೂ, ಎಂ.ಜಿ.ಬಿ.ಯ 1798 ಸಿ.ಸಿ. ಎಂಜಿನ್ನೂ ಒಂದೇ ವಂಶದವು. ಅಣ್ಣ ಸಂಸಾರಸ್ಥನಾಗಿ ಹೊರೆ ಹೊತ್ತ; ತಮ್ಮ ರಸಿಕನಾಗಿ ಗಾಳಿಗೆ ಎದೆಯೊಡ್ಡಿ ತಿರುಗಿದ.

1979ರ ಸೆಪ್ಟೆಂಬರಿನಲ್ಲಿ ಕಾರ್ಖಾನೆಯ ಸುವರ್ಣೋತ್ಸವ ಊರಿಡೀ ನಡೆಯಿತು. ಉತ್ಸವ ಮುಗಿದ ಮರು ಸೋಮವಾರವೇ, ಹತ್ತನೆಯ ತಾರೀಖು, ಕಾರ್ಖಾನೆಯನ್ನು ಮುಚ್ಚುವ ಪ್ರಕಟನೆ ಹೊರಬಿತ್ತು. ಊರಿನವರು ಅದನ್ನು ‘ಕರಾಳ ಸೋಮವಾರ’ವೆಂದು ಕರೆದರು.

ನನ್ನ ಭಾವಮೈದುನ ಉದ್ಯೋಗನಿಮಿತ್ತ ಈ ಊರಿನಲ್ಲಿ ನೆಲಸಿದ್ದಾನೆ. ಕಳೆದ ಬೇಸಗೆ ರಜೆಯಲ್ಲಿ ನಾನು ಅವನ ಅತಿಥಿಯಾಗಿದ್ದೆ. “ಬನ್ನಿ ಭಾವ, ಒಂದು ಅಸ್ಥಿಪಂಜರ ತೋರಿಸುತ್ತೇನೆ” ಎಂದು ಅವನು ಗ್ಯಾರೇಜಿನ ಬಾಗಿಲನ್ನು ತೆರೆದ. ಅದು 1973ರ ಎಂ.ಜಿ.ಬಿ. ಎಂಜಿನ್ ಕೆಳಗಿಳಿದು ಮೂಲೆಯಲ್ಲಿತ್ತು. ಗೋಡೆಯುದ್ದಕ್ಕೂ ಡಬ್ಬಿಗಳು, ಪ್ರತಿ ಡಬ್ಬಿಗೂ ಒಂದು ಚೀಟಿ. ಕಾರಿನ ಬಾಗಿಲ ಕೆಳಗಿನ ಭಾಗವನ್ನು ಅವನು ಸ್ಕ್ರೂಡ್ರೈವರಿನಿಂದ ಚುಚ್ಚಿದ. ಅದು ಹಪ್ಪಳದಂತೆ ಪುಡಿಯಾಯಿತು.

ಈ ಕಾರು ನೆರೆಮನೆಯ ಹಿರಿಯರೊಬ್ಬರದಾಗಿತ್ತು. ಅವರು ಹದಿನಾರನೆಯ ವಯಸ್ಸಿನಲ್ಲಿ ಕಾರ್ಖಾನೆ ಸೇರಿ, ಅದು ಮುಚ್ಚುವವರೆಗೂ ದುಡಿದವರು. ಎಂದಾದರೊಂದು ದಿನ ಸರಿಪಡಿಸುವೆನೆಂದು ಈ ಗಾಡಿಯನ್ನು ಕೊಂಡು ತಂದಿರಿಸಿದರು. ಆ ದಿನ ಬರುವಷ್ಟರಲ್ಲಿ ಸಂಧಿವಾತ ಬಂದಿತು. ಬೆರಳುಗಳು ಸ್ಪ್ಯಾನರು ಹಿಡಿಯಲೊಲ್ಲವು. ಮಾರುವಾಗ ಅವರು ಒಡ್ಡಿದ ಷರತ್ತು ಒಂದೇ: ಗಾಡಿ ರಸ್ತೆಗಿಳಿದ ದಿನ ಮೊದಲ ಸವಾರಿ ತಮಗೆ ಸಲ್ಲಬೇಕು. ಪ್ರತಿ ಶನಿವಾರವೂ ಅವರು ಗ್ಯಾರೇಜಿಗೆ ಬಂದು ಸ್ಟೂಲಿನ ಮೇಲೆ ಕುಳಿತು, ಇದು ಹಾಗಲ್ಲ, ಅದು ಹೀಗೆ, ಎಂದು ನಿರ್ದೇಶಿಸುತ್ತಾರೆ.

ನಾನು ಹೋದಾಗ ಇಬ್ಬರ ನಡುವೆ ವಾದ ನಡೆದಿತ್ತು. ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ 1988ರಲ್ಲಿ, ಹಳೆಯ ಅಚ್ಚುಗಳನ್ನೇ ಹುಡುಕಿ ತಂದು, ಈ ಕಾರಿನ ಹೊಚ್ಚಹೊಸ ಒಡಲುಗಳನ್ನು ತಯಾರಿಸತೊಡಗಿತು. ಅಂಥದೊಂದು ಒಡಲನ್ನು ಕೊಂಡು ಹಳೆಯ ಭಾಗಗಳನ್ನು ಅದರಲ್ಲಿ ಕೂಡಿಸಿದರೆ ಕೆಲಸ ಬೇಗ ಮುಗಿದೀತು. ಭಾವಮೈದುನನಿಗೆ ಇದು ಒಪ್ಪಿಗೆಯಿಲ್ಲ. “ಒಡಲೇ ಹೋದ ಮೇಲೆ ಇದು ಯಾವ ಕಾರು?” ಎಂದು ಅವನ ಹಠ.

ನಾನು ಅವನ ಪಕ್ಷವನ್ನೇ ವಹಿಸಿದೆ. ಓಲೆಗರಿಯ ಗ್ರಂಥವನ್ನು ಸಂಪಾದಿಸುವವನು ಗೆದ್ದಲು ತಿಂದ ಅಕ್ಷರಗಳನ್ನು ತಾನೇ ಊಹಿಸಿ ತುಂಬಿದರೂ, ಆ ಊಹೆಯನ್ನು ಆವರಣದೊಳಗಿಟ್ಟು ತೋರಿಸುತ್ತಾನೆ. ಹೊಸ ಒಡಲೆಂದರೆ ಇಡೀ ಕಾವ್ಯವೇ ಆವರಣದೊಳಗೆ ಹೋದಂತೆ. ನಮ್ಮ ಎಷ್ಟೋ ಊರುಗಳಲ್ಲಿ ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಹಳೆಯ ಕಂಬಗಳಿಗೆ ಎಣ್ಣೆಬಣ್ಣ ಬಳಿದುದನ್ನು ಕಂಡು ನೊಂದವನು ನಾನು. ಇದನ್ನೆಲ್ಲ ಆ ಹಿರಿಯರಿಗೆ ಸಾಧ್ಯವಾದಷ್ಟು ವಿವರಿಸಿದೆ.

ಅವರು ನಕ್ಕರು. “ಒಡಲು ಅಬಿಂಗ್ಡನ್ನಿನದೆಂದು ನಿಮಗೆ ಯಾರು ಹೇಳಿದರು? ಅದು ಸ್ವಿಂಡನ್ನಿನಿಂದ ಲಾರಿಯಲ್ಲಿ ಬರುತ್ತಿತ್ತು. ಎಂಜಿನ್ ಇನ್ನೆಲ್ಲಿಂದಲೋ. ನಾವು ಜೋಡಿಸುತ್ತಿದ್ದೆವು. ನಮ್ಮಲ್ಲಿ ತಾನಾಗಿ ಸಾಗುವ ಪಟ್ಟಿಯೂ ಇರಲಿಲ್ಲ. ಒಬ್ಬರ ಕೆಲಸ ಮುಗಿದ ಮೇಲೆ ಗಾಡಿಯನ್ನು ಕೈಯಿಂದಲೇ ಮುಂದಿನವರತ್ತ ತಳ್ಳುತ್ತಿದ್ದೆವು. ಅಬಿಂಗ್ಡನ್ನಿನದು ಎಂದರೆ ಆ ಜೋಡಣೆ.”

ಬಳಿಕ ಅವರು ಹೇಳಿದ ಮಾತು ನನ್ನ ಉಪಮಾನದ ಬಲವನ್ನೇ ಕುಂದಿಸಿತು. ಈ ಕಾರಿಗೆ ಪ್ರತ್ಯೇಕವಾದ ಷಾಸಿ ಇಲ್ಲ, ಒಡಲೇ ಆಧಾರ. ಮೇಲೆ ಗಟ್ಟಿ ಛಾವಣಿಯೂ ಇಲ್ಲವಾದುದರಿಂದ ಭಾರವನ್ನೆಲ್ಲ ಹೊರುವುದು ನೆಲದ ತಗಡು ಮತ್ತು ಬಾಗಿಲುಗಳ ಕೆಳಗಿನ ‘ಸಿಲ್’ ಎಂಬ ಪೆಟ್ಟಿಗೆಯಂಥ ತೊಲೆ. ನೀರು ಅದರೊಳಗೇ ನಿಂತು, ಬಣ್ಣ ಹೊರಗೆ ನಗುತ್ತಿರುವಾಗಲೇ ಒಳಗಿನಿಂದ ತುಕ್ಕು ತಿನ್ನುತ್ತದೆ. ಓಲೆಗರಿಯಲ್ಲಿ ನಾಲ್ಕು ಅಕ್ಷರ ಹೋದರೆ ಯಾರ ಪ್ರಾಣವೂ ಹೋಗದು. ಸಿಲ್ ಹೋದ ಗಾಡಿಯನ್ನು ರಸ್ತೆಗಿಳಿಸುವುದು ಬೇರೆಯ ಮಾತು.

ಎರಡು ಶನಿವಾರ ವಾದ ನಡೆದು ಒಂದು ಒಪ್ಪಂದವಾಯಿತು. ಸಿಲ್ಲುಗಳೂ ನೆಲದ ತಗಡುಗಳೂ ಹೊಸವು. ಬಾನೆಟ್, ಬಾಗಿಲು, ಹಿಂದಿನ ಮುಚ್ಚಳ, ಮುಂದಿನ ಮೊಗ ಹಳೆಯವು. ಕತ್ತರಿಸುವ ಮುನ್ನ ಬಾಗಿಲ ಚೌಕಟ್ಟಿಗೆ ಅಡ್ಡವಾಗಿ ಕಬ್ಬಿಣದ ಸಲಾಕಿಗಳನ್ನು ಬೆಸೆಯಬೇಕು; ಇಲ್ಲವಾದರೆ ಒಡಲು ನಡುವಿನಲ್ಲಿ ಕುಸಿದು ಬಾಗಿಲು ಮತ್ತೆಂದೂ ಕೂಡಿಕೊಳ್ಳದು. ಮನೆಯ ಗೋಡೆ ಒಡೆಯುವಾಗ ತೊಲೆಗೆ ಊರೆ ಕೊಟ್ಟಂತೆ. ಎಡಭಾಗದ ಕೆಲಸಕ್ಕೆ ಮೂರು ವಾರ ಹಿಡಿಯಿತು. ಬೆಸುಗೆಯ ಕಿಡಿಗಳಿಂದ ನನ್ನ ಹೊಸ ಪ್ಯಾಂಟಿಗೆ ತೂತುಗಳಾದುದನ್ನು ಮನೆಯಾಕೆ ಇಂದಿಗೂ ಮರೆತಿಲ್ಲ.

ಹೊರಡುವ ಹಿಂದಿನ ದಿನ ಸಲಾಕಿಗಳನ್ನು ತೆಗೆದು ಎಡಬಾಗಿಲನ್ನು ಕೂಡಿಸಿದರು. ಹಿರಿಯರು ಎದ್ದುಬಂದು, ಸೊಟ್ಟಗಾದ ಬೆರಳೊಂದನ್ನು ಬಾಗಿಲಿಗೂ ಚೌಕಟ್ಟಿಗೂ ನಡುವಣ ಸಂದಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಆಡಿಸಿ ನೋಡಿದರು. ಬಾಗಿಲನ್ನು ಮೂರು ಸಲ ತೆರೆದು ಮುಚ್ಚಿದರು. ನಾಲ್ಕನೆಯ ಸಲ ನನ್ನನ್ನು ಮುಚ್ಚಲು ಹೇಳಿ, ಕಣ್ಣು ಮುಚ್ಚಿ ಆ ಸದ್ದನ್ನು ಕೇಳಿದರು. “ಇನ್ನು ಬಲಗಡೆಯದು” ಎಂದು ಸ್ಟೂಲನ್ನು ಆ ಕಡೆಗೆ ಕಾಲಿನಿಂದ ಸರಿಸಿಕೊಂಡು ಕುಳಿತರು.