ನವೆಂಬರ್ ಒಂದಕ್ಕೆ ಮೊದಲು ಲೋಕಸ್ಟ್ ವಾಕ್

ಫಿಲಡೆಲ್ಫಿಯಾದ ಮೂವತ್ತನೇ ಬೀದಿಯ ರೈಲು ನಿಲ್ದಾಣದಿಂದ ಹೊರಬಿದ್ದು ಪಶ್ಚಿಮದತ್ತ ಕಾಲು ಗಂಟೆ ನಡೆದರೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯ. ಊರವರ ಬಾಯಲ್ಲಿ ಅದು ಬರೀ ‘ಪೆನ್’. ಬೀದಿ ಎಲ್ಲಿ ಮುಗಿಯಿತು, ಕಾಲೇಜು ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ನಡುವೆ ಹಾದುಹೋಗುವ ಇಟ್ಟಿಗೆ ಹಾಸಿನ ಕಾಲುದಾರಿಗೆ ಲೋಕಸ್ಟ್ ವಾಕ್ ಎಂದು ಹೆಸರು. ಅಕ್ಟೋಬರಿನಲ್ಲಿ ಎರಡೂ ಬದಿಯ ಮರಗಳು ಹಳದಿಗೆ ತಿರುಗಿ, ಎಲೆಗಳು ಕಾಲಡಿ ಸರಸರ ಎನ್ನುತ್ತವೆ. ಹಸಿರು ಕಲ್ಲಿನ ಕಾಲೇಜ್ ಹಾಲ್, ಕೆಂಪು ಕಲ್ಲಿನ ಹಳೆಯ ಗ್ರಂಥಾಲಯ, ಇನ್ನೊಂದು ಗ್ರಂಥಾಲಯದ ಮುಂದೆ ಯಾವ ದೈತ್ಯನ ಅಂಗಿಯಿಂದ ಕಿತ್ತು ಬಿತ್ತೋ ಎಂಬಂತೆ ಒಡೆದ ದೊಡ್ಡ ಬಿಳಿ ಗುಂಡಿ. ಕ್ಲೇಸ್ ಓಲ್ಡನ್‌ಬರ್ಗ್ ಎಂಬ ಶಿಲ್ಪಿಯ ಕೃತಿ ಅದು. ಮಕ್ಕಳು ಅದರ ಮೇಲೆ ಹತ್ತಿ ಕೂರುತ್ತಾರೆ, ಯಾರೂ ಗದರುವುದಿಲ್ಲ.

ದಾರಿ ಬದಿಯ ಬೆಂಚಿನ ಮೇಲೆ ಕಂಚಿನ ಬೆಂಜಮಿನ್ ಫ್ರಾಂಕ್ಲಿನ್ ಪತ್ರಿಕೆ ಹಿಡಿದು ಕುಳಿತಿದ್ದಾನೆ. ಈ ವಿದ್ಯಾಸಂಸ್ಥೆಯ ಮೂಲಪುರುಷ. ಬಾಸ್ಟನ್ನಿನಲ್ಲಿ ಮೇಣದಬತ್ತಿ, ಸಾಬೂನು ಮಾಡುತ್ತಿದ್ದವನ ಮಗ. ಶಾಲೆಗೆ ಹೋದದ್ದು ಎರಡೇ ವರ್ಷ. ಮುದ್ರಣದ ಕೆಲಸದಿಂದ ಮೇಲೆ ಬಂದ ಮೇಲೆ, 1749ರಲ್ಲಿ, ಯುವಕರ ವಿದ್ಯಾಭ್ಯಾಸ ಹೇಗಿರಬೇಕೆಂದು ಕಿರುಹೊತ್ತಗೆ ಬರೆದ. ಅವನ ಪಕ್ಕ ಕುಳಿತು ಫೋಟೋ ತೆಗೆಸಿಕೊಳ್ಳಲು ಅಕ್ಟೋಬರಿನಲ್ಲಿ ಸರದಿ ಕಾಯಬೇಕು. ಹದಿನೇಳರ ಮಕ್ಕಳು, ಅವರ ಹಿಂದೆ ತಂದೆ ತಾಯಿ, ಮುಂದೆ ಹಿಮ್ಮುಖವಾಗಿ ನಡೆಯುತ್ತಾ ವಿವರಿಸುವ ವಿದ್ಯಾರ್ಥಿ ಮಾರ್ಗದರ್ಶಿ. ನಮ್ಮಲ್ಲಿ ಮೇ ತಿಂಗಳಲ್ಲಿ ಫಲಿತಾಂಶದ ಕಾವು ಏರುವಂತೆ ಇಲ್ಲಿ ಅಕ್ಟೋಬರಿನಲ್ಲಿ ಏರುತ್ತದೆ. ಕಾರಣ, ನವೆಂಬರ್ 1.

ಅಂದು ‘ಅರ್ಲಿ ಡಿಸಿಷನ್’ ಅರ್ಜಿಯ ಕೊನೆಯ ದಿನ. ವಿದ್ಯಾರ್ಥಿ ಈ ಬಗೆಯಲ್ಲಿ ಒಂದೇ ಒಂದು ಕಾಲೇಜಿಗೆ ಅರ್ಜಿ ಹಾಕಿ, ‘ಸೀಟು ಕೊಟ್ಟರೆ ಬಂದೇ ಬರುತ್ತೇನೆ, ಉಳಿದೆಡೆಯ ಅರ್ಜಿಗಳನ್ನು ಹಿಂತೆಗೆಯುತ್ತೇನೆ’ ಎಂದು ಬರೆದುಕೊಡಬೇಕು. ಅದಕ್ಕೆ ತಾಯಿ ಅಥವಾ ತಂದೆಯ ರುಜು, ಶಾಲೆಯ ಸಲಹೆಗಾರರ ರುಜು. ಉತ್ತರ ಡಿಸೆಂಬರ್ ಮಧ್ಯದಲ್ಲೇ ಬರುತ್ತದೆ. ಮಾಮೂಲಿ ಅರ್ಜಿಯವರು ಮಾರ್ಚ್ ಕೊನೆಯವರೆಗೆ ಕಾಯಬೇಕು. ಪೆನ್ ತನ್ನ ಹೊಸ ತರಗತಿಯ ಸುಮಾರು 2,400 ಸೀಟುಗಳಲ್ಲಿ ಹತ್ತಿರ ಹತ್ತಿರ ಅರ್ಧವನ್ನು ಈ ಮೊದಲ ಪಂಕ್ತಿಯಲ್ಲೇ ಬಡಿಸಿ ಮುಗಿಸುತ್ತದೆ. ಎರಡನೇ ಪಂಕ್ತಿಯ ನೂಕುನುಗ್ಗಲನ್ನು ಮದುವೆ ಮನೆ ಕಂಡವರಿಗೆ ವಿವರಿಸಬೇಕಿಲ್ಲ.

ನಾನು ಹೋದದ್ದು ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ನೆಲೆಸಿರುವ ದಾವಣಗೆರೆ ಕಡೆಯ ಕುಟುಂಬವೊಂದರ ಜೊತೆ. ಮಗಳು ಮುಂದೆ ಹೋದದ್ದೇ ತಾಯಿ ಮೆಲ್ಲಗೆ ಕೇಳಿದರು: “ದುಡ್ಡು ಹೇಗೋ ಹೊಂದುತ್ತೆ ಸಾರ್. ಪೂರ್ತಿ ಫೀಸು ನಾವೇ ಕಟ್ಟೋರು ಅಂದ್ರೆ ಸೀಟು ಸಲೀಸಾಗಿ ಸಿಗುತ್ತಾ?”

ನಮ್ಮ ‘ಪೇಮೆಂಟ್ ಸೀಟು’ ಕಂಡವರಿಗೆ ಈ ಪ್ರಶ್ನೆ ಸಹಜ. ಆದರೆ ಇಲ್ಲಿನ ಲೆಕ್ಕ ಬೇರೆ. ಅಮೆರಿಕದ ಪ್ರಜೆಗಳ ಅರ್ಜಿ ನೋಡುವಾಗ ಪೆನ್ ಅವರ ಜೇಬು ನೋಡುವುದಿಲ್ಲ. ಈ ಹುಡುಗಿ ಹುಟ್ಟಿದ್ದು ಅಲ್ಲೇ. ಅವಳಪ್ಪ ಕಟ್ಟಬಲ್ಲರೋ ಇಲ್ಲವೋ ಎಂಬುದು ಆಯ್ಕೆಯವರ ಮೇಜಿಗೆ ಬರುವುದಿಲ್ಲ. ಹಾಗಾದರೆ ದುಡ್ಡಿನ ಕೈವಾಡ ಎಲ್ಲಿ? ಬಾಗಿಲು ತಟ್ಟುವ ಧೈರ್ಯದಲ್ಲಿ. ನೆರವು ಬೇಕಾದ ಕುಟುಂಬ ನಾಲ್ಕಾರು ಕಾಲೇಜುಗಳು ಎಷ್ಟೆಷ್ಟು ಕೊಡುತ್ತವೆ ಎಂದು ಏಪ್ರಿಲಿನಲ್ಲಿ ಹೋಲಿಸಿ ನೋಡಬೇಕು. ಕೊಟ್ಟ ನೆರವು ಸಾಲದಿದ್ದರೆ ಒಪ್ಪಂದದಿಂದ ಬಿಡುಗಡೆ ಉಂಟು, ನಿಜ. ಆದರೆ ಹೋಲಿಸುವ ಅವಕಾಶ ಹೋಯಿತಲ್ಲ! ಹೋಲಿಕೆ ಬೇಡದವರು ನವೆಂಬರಿನಲ್ಲೇ ನಿಶ್ಚಿಂತೆಯಿಂದ ರುಜು ಹಾಕುತ್ತಾರೆ.

ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ ಅರ್ಜಿ ಹಾಕುವವರ ಮಾತು ಬೇರೆಯೇ. ಭಾರತದ ಪ್ರಜೆಯ ಅರ್ಜಿಯಲ್ಲಿ ನೆರವು ಬೇಕೇ ಬೇಡವೇ ಎಂಬ ಉತ್ತರವನ್ನು ಪೆನ್ ಸೇರಿದಂತೆ ಬಹುಪಾಲು ಕಾಲೇಜುಗಳು ತೂಗುತ್ತವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್, 2022ರಿಂದ ಡಾರ್ಟ್‌ಮತ್ ಇಂಥ ಕೆಲವೇ ಕಡೆ ವಿದೇಶಿಯರ ಜೇಬನ್ನೂ ನೋಡುವುದಿಲ್ಲ. ಉಳಿದೆಡೆ ‘ನೆರವು ಬೇಡ’ ಎಂಬ ಗುರುತು ನಿಜಕ್ಕೂ ಅನುಕೂಲವೇ. ಆದರೆ ಒಮ್ಮೆ ಬೇಡವೆಂದವರು ಎರಡನೇ ವರ್ಷ ಕೈಚಾಚಿದರೆ ಹಲವು ಕಾಲೇಜುಗಳಲ್ಲಿ ಏನೂ ಸಿಗದು. 2025ರ ಹೊತ್ತಿಗೆ ಪೆನ್‌ನ ಓದು, ವಸತಿ, ಊಟದ ವಾರ್ಷಿಕ ವೆಚ್ಚ 90 ಸಾವಿರ ಡಾಲರ್ ದಾಟಿದೆ. ಡಾಲರಿಗೆ 85 ರೂಪಾಯಿಯೆಂದರೂ ವರ್ಷಕ್ಕೆ ಎಪ್ಪತ್ತಾರು ಲಕ್ಷದ ಮೇಲೆ, ನಾಲ್ಕು ವರ್ಷಕ್ಕೆ ಮೂರು ಕೋಟಿ. 2010ರಲ್ಲಿ ಡಾಲರ್ ಸುಮಾರು 45 ರೂಪಾಯಿ ಇತ್ತೆಂಬುದನ್ನು ಮರೆಯಬಾರದು. ಮೊದಲ ವರ್ಷದ ಹಣವಷ್ಟೇ ಕೈಯಲ್ಲಿದ್ದು, ಉಳಿದದ್ದಕ್ಕೆ ಸೈಟು ಮಾರಿದರಾಯಿತು ಎನ್ನುವವರನ್ನು ‘ಪೂರ್ತಿ ಕಟ್ಟಬಲ್ಲವರು’ ಎಂದು ನಾನಂತೂ ಕರೆಯಲಾರೆ.

ಬೇಗ ಅರ್ಜಿ ಹಾಕಿದರೆ ಲಾಭವಿದೆಯೇ? ಇದೆ. ಆವರಿ, ಫೇರ್‌ಬ್ಯಾಂಕ್ಸ್, ಝೆಕ್‌ಹೌಸರ್ ಎಂಬ ಮೂವರು 2003ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹೆಸರಾಂತ ಕಾಲೇಜುಗಳಲ್ಲಿ ಅದು ಎಸ್‌ಎಟಿ ಪರೀಕ್ಷೆಯಲ್ಲಿ ಸುಮಾರು ನೂರು ಅಂಕ ಹೆಚ್ಚು ಪಡೆದಷ್ಟು ಸಮ. ಕಾಲೇಜಿಗೂ ಲಾಭ: ಖಂಡಿತ ಬರುವವರು ಎಷ್ಟೆಂದು ಮೊದಲೇ ತಿಳಿಯುತ್ತದೆ. ಆದರೆ ಅರ್ಲಿ ಗುಂಪಿನಲ್ಲಿ ತರಬೇತುದಾರರು ಮೊದಲೇ ಆರಿಸಿಟ್ಟ ಕ್ರೀಡಾಪಟುಗಳೂ ಇರುತ್ತಾರೆ. ಶೇಕಡಾವಾರು ನೋಡಿ ಹಿಗ್ಗಬೇಡಿ. ಈ ಪದ್ಧತಿ ಉಳ್ಳವರ ಪರ ಎಂಬ ದೂರು ಹಳೆಯದು. 2002ರಲ್ಲಿ ಯೇಲ್, ಸ್ಟ್ಯಾನ್‌ಫರ್ಡ್ ಕಟ್ಟುಪಾಡಿನ ಒಪ್ಪಂದ ಬಿಡುವುದಾಗಿ ಸಾರಿದವು. 2006ರಲ್ಲಿ ಹಾರ್ವರ್ಡ್, ಪ್ರಿನ್ಸ್‌ಟನ್ ಬೇಗನೆ ಅರ್ಜಿ ಪಡೆಯುವುದನ್ನೇ ಕೈಬಿಡುವುದಾಗಿ ಹೇಳಿ, 2011ರಲ್ಲಿ ಕಟ್ಟುಪಾಡಿಲ್ಲದ ರೂಪದಲ್ಲಿ ಮತ್ತೆ ತಂದವು. ಪೆನ್ ಮಾತ್ರ ಜಗ್ಗಲಿಲ್ಲ.

ಇಷ್ಟೆಲ್ಲ ಕೇಳಿದ ತಂದೆ, “ಹಾಗಾದ್ರೆ ಹಾಕಿಬಿಡೋದೇ ಸರಿ” ಎಂದರು. ಅಷ್ಟರಲ್ಲಿ ಮಗಳು ವಾಪಸು ಬಂದಳು. “ಅಪ್ಪಾ, ಇಲ್ಲಿ ಎಲ್ಲರೂ ಈಗಲೇ ಕೆಲಸ, ಕಂಪನಿ ಅಂತಾನೇ ಮಾತಾಡ್ತಾರೆ. ನನಗೆ ಚೆನ್ನಾಗಿಯೇ ಕಾಣ್ತಿದೆ. ಆದ್ರೆ ಬೇರೆ ಯಾವುದನ್ನೂ ನೋಡೇ ಇಲ್ವಲ್ಲ!” ತಂದೆ ಸುಮ್ಮನಾದರು. ದುಡ್ಡುಳ್ಳವರು ಈ ಕಾಗದದಲ್ಲಿ ಬರೆದುಕೊಡುವುದು ಹಣವನ್ನಲ್ಲ, ಮಗುವಿನ ಆರು ತಿಂಗಳ ಮನಸ್ಸನ್ನು. ಅಕ್ಟೋಬರಿನ ಹದಿನೇಳು ವರ್ಷಕ್ಕೂ ಏಪ್ರಿಲಿನ ಹದಿನೇಳೂವರೆಗೂ ಇರುವ ದೂರ ಹೆತ್ತವರಿಗೇ ಗೊತ್ತು. ಆ ಸಂಜೆ ಅವರು ಇನ್ನೆರಡು ಊರುಗಳ ರೈಲಿನ ವೇಳೆ ಹುಡುಕುತ್ತಿದ್ದರು. ಅವಳು ಒಂದೂ ಬದಲಾಗದೆ ಇಲ್ಲಿಗೇ ಬರಬಹುದು, ಬಂದರೆ ಒಳ್ಳೆಯದೇ.

ಮರುದಿನ ನಾನೊಬ್ಬನೇ ಶೂಲ್‌ಕಿಲ್ ನದಿ ದಾಟಿ ಸ್ಪ್ರಿಂಗ್ ಗಾರ್ಡನ್ ಬೀದಿಗೆ ಹೋದೆ. ಅಲ್ಲಿ ಕಂಬಗಳ ಸಾಲಿನ ಗಂಭೀರ ಕಟ್ಟಡವೊಂದಿದೆ. 1901ರಿಂದ 1969ರವರೆಗೆ ಅಮೆರಿಕದ ನಾಣ್ಯಗಳನ್ನು ಅಚ್ಚು ಹಾಕುತ್ತಿದ್ದ ಟಂಕಸಾಲೆ ಅದು. ಈಗ ಫಿಲಡೆಲ್ಫಿಯಾ ಕಮ್ಯುನಿಟಿ ಕಾಲೇಜು. ಪ್ರೌಢಶಾಲೆ ಮುಗಿಸಿದವರಿಗೆಲ್ಲ ಪ್ರವೇಶ. ನವೆಂಬರ್ ಒಂದರ ಗಡಿಬಿಡಿಯಿಲ್ಲ, ಒಪ್ಪಂದವಿಲ್ಲ, ಹಿಮ್ಮುಖವಾಗಿ ನಡೆಯುವ ಮಾರ್ಗದರ್ಶಿಯೂ ನನಗೆ ಕಾಣಲಿಲ್ಲ. ಸಂಜೆಯ ತರಗತಿಗೆ ಜನ ಕೆಲಸದಿಂದ ನೇರ ಬರುತ್ತಿದ್ದರು. ಒಬ್ಬಾಕೆಯ ಕೈಯಲ್ಲಿ ಮಗು, ಇನ್ನೊಬ್ಬನ ಮೈಮೇಲೆ ಅಂಗಡಿಯ ಸಮವಸ್ತ್ರ. ಜನವರಿ ತರಗತಿಗೆ ಅರ್ಜಿ ಹಾಕಲು ಇನ್ನೂ ಸಮಯವಿದೆಯೇ ಎಂದು ಕೌಂಟರಿನಲ್ಲಿ ಕೇಳಿದೆ. “ಬೇಕಾದಷ್ಟಿದೆ” ಎಂದಳು ಅಲ್ಲಿದ್ದವಳು, “ನಿಮಗೋ, ಮಕ್ಕಳಿಗೋ?”