ಕಲ್ಯಾಣಕ್ಕೊಂದು ಟಿಕೆಟ್

ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಕಲ್ಯಾಣ, ಕಲ್ಯಾಣ" ಅಂತ ಕೂಗಿದಾಗಲೆಲ್ಲ ನನಗೊಂದು ಯೋಚನೆ.

ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯ ಆ ಊರಿನಲ್ಲಿ ಕೂತು 1076ರಿಂದ 50 ವರ್ಷ ಆಳಿದ, ತನ್ನ ಹೆಸರಿನಲ್ಲೇ ಶಕೆ ಶುರುಮಾಡಿದ. ಈಗ ಆ ಶಕೆಯಲ್ಲಿ ಯಾರೂ ವರ್ಷ ಎಣಿಸುವುದಿಲ್ಲ. ಆದರೆ ಅವನ ಕಾಲದ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’, ಅಣ್ಣತಮ್ಮಂದಿರ ಪಾಲಿನ ಜಗಳ ಕೋರ್ಟು ಹತ್ತಿದರೆ ಇಂದಿಗೂ ಪ್ರಸ್ತಾಪವಾಗುತ್ತದೆ.

ಮುಂದೆ ಅಲ್ಲಿ ರಾಜ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಕುಲ ಕೇಳದೆ ಎಲ್ಲರನ್ನೂ ಹತ್ತಿರ ಕೂರಿಸಿಕೊಂಡರು. ಊರು ತನ್ನ ಹೆಸರಿಗೆ ಸೇರಿಸಿಕೊಂಡದ್ದು ಅವರನ್ನೇ, ರಾಜನನ್ನಲ್ಲ; ಈಗ ಅದು ಬಸವಕಲ್ಯಾಣ.

ಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಹುಮನಾಬಾದಿನ ಪಕ್ಕ ನೆಲೆಸಿ, ಎಲ್ಲ ಮತಗಳೂ ಸತ್ಯವೇ ಎಂದರು. ಆ ಜಾಗ ಈಗ ಮಾಣಿಕನಗರ.

ರಾಜರ ಪಾಲಿಗೆ ಉಳಿದದ್ದು ಕೋಟೆಯ ಕಲ್ಲು. ಬಸ್ಸಿನ ಬೋರ್ಡಿನ ಮೇಲೆ ಮಾತ್ರ ಬಸವಣ್ಣ!