ನಾನಿಯ ಹೊನ್ನು

ಹೊಳಲ್ಕೆರೆಯಲ್ಲಿ ನಮ್ಮ ನಾನಿಯ ಟ್ರಂಕಿನ ತಳದಲ್ಲಿ, ಹಳೆಯ ಬಟ್ಟೆಯ ಗಂಟೊಳಗೆ ಒಂದು ಹೊನ್ನಿತ್ತು. ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು, ಮೂರೂವರೆ ಗ್ರಾಮಿನಷ್ಟು ತೂಕ. ಈದ್ ಹಿಂದಿನ ದಿನ ನಾನಿ ಅದನ್ನು ಅಂಟುವಾಳದ ನೀರಿನಲ್ಲಿ ತೊಳೆದು ನಮ್ಮ ಕೈಗಿಡುತ್ತಿದ್ದರು. ಒಂದು ಬದಿಯಲ್ಲಿ ಜೊತೆಯಾಗಿ ಕುಳಿತ ಎರಡು ಪುಟ್ಟ ಆಕೃತಿಗಳು. ಇನ್ನೊಂದು ಬದಿಯಲ್ಲಿ ಚುಕ್ಕೆಗಳ ನಡುವೆ ಒಂದೇ ಒಂದು ಅಕ್ಷರ. ಉರ್ದು ಶಾಲೆಯ ಮಕ್ಕಳಾದ ನಾವು ಅದನ್ನು ಕೂಡಲೇ ಓದಿದೆವು: 'ಬಡೀ ಹೇ'. ನಾನಿಯ ಹೆಸರು ಆರಂಭವಾಗುತ್ತಿದ್ದುದೂ ಅದೇ ಅಕ್ಷರದಿಂದ. "ನೋಡ್ರಿ, ನನ್ನ ಹೆಸರೇ ಕೆತ್ತಿದಾರೆ" ಎಂದು ನಗುತ್ತಿದ್ದರು. ಯಾರಾದರೂ ದಿಢೀರನೆ ಸಿರಿವಂತರಾದರೆ ಅವರ ಮನೆಯಲ್ಲಿ 'ಹುನ್ ಬರಸ್ತಾ ಹೈ' ಎನ್ನುವುದು ನಾನಿಯ ರೂಢಿ. ಆ ಹುನ್ ನಮ್ಮ ಕನ್ನಡದ ಹೊನ್ನೇ ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ.

1993ರಲ್ಲಿ ಅಕ್ಕನ ನಿಕಾಹ್ ಗೊತ್ತಾಯಿತು. ಹಿರಿಯೂರಿನಿಂದ ಬಂದ ಮಾಮು ಹೊನ್ನನ್ನು ತಿರುಗಿಸಿ ನೋಡಿ, "ನಮಾಜ್ ಓದೋ ಮನೇಲಿ ಬುತ್ ಯಾಕಮ್ಮಾ?" ಎಂದರು. ನಾನಿ ಮಾತಾಡಲಿಲ್ಲ. ಮದುವೆಗೆ ಚಿನ್ನವಂತೂ ಬೇಕಿತ್ತು. ಅಕ್ಕಸಾಲಿಗರ ಬಳಿ ಅದನ್ನು ಒಯ್ದವರು ನಾವೇ. ಆಚಾರ್ರು ಕನ್ನಡಕ ಏರಿಸಿ ನೋಡಿ, "ಶಿವಪಾರ್ವತಿ ಕಣಪ್ಪಾ, ಕರಗಿಸೋಕೆ ಕೈ ಬರ್ತಿಲ್ಲ" ಎಂದು ಅದನ್ನು ಕಣ್ಣಿಗೊತ್ತಿಕೊಂಡರು. ಕೊನೆಗೆ ಮೂಸೆಗೆ ಹಾಕಿದರು. ಹಿಂಬದಿಯ ಅಕ್ಷರದ ಬಗ್ಗೆ ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಚಿತ್ರದುರ್ಗದಲ್ಲಿ ಕಾಲೇಜು ಓದುವಾಗ ಗ್ರಂಥಾಲಯದ ಪುಸ್ತಕವೊಂದರಲ್ಲಿ ಆ ಹೊನ್ನಿನ ಚಿತ್ರ ಕಂಡು ಎದೆ ಧಸಕ್ಕೆಂದಿತು. ಅದು ಹೈದರಾಲಿಯ ನಾಣ್ಯ. ಆ 'ಹೇ' ಹೈದರನದು. 1763ರಲ್ಲಿ ಬಿದನೂರನ್ನು ಗೆದ್ದಾಗ ಆತ ಇಕ್ಕೇರಿ ನಾಯಕರ ಶಿವಪಾರ್ವತಿಯರನ್ನು ಅಳಿಸಲಿಲ್ಲ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನಷ್ಟೇ ಒತ್ತಿಸಿದ. ಉಮಾಮಹೇಶ್ವರರು ವಿಜಯನಗರದ ಸಂಗಮ ಅರಸರ ಹೊನ್ನಿನಲ್ಲೂ ಇದ್ದವರು. ಕೃಷ್ಣದೇವರಾಯ ಬಾಲಕೃಷ್ಣನನ್ನು ಕೂರಿಸಿದ, ಅಚ್ಯುತರಾಯ ಗಂಡಭೇರುಂಡವನ್ನು ತಂದ. ದೂರದ ದೆಹಲಿಯ ಕಡೆ ಮುಹಮ್ಮದ್ ಘೋರಿಯ ಚಿನ್ನದ ನಾಣ್ಯದಲ್ಲಿ ಲಕ್ಷ್ಮಿ ಇದ್ದಾಳೆ, ಆತನ ಹೆಸರು ನಾಗರಿ ಲಿಪಿಯಲ್ಲಿದೆ! ಇದನ್ನೆಲ್ಲ ಔದಾರ್ಯವೆಂದು ಹೊಗಳಲು ನಮಗೆ ಮನಸ್ಸಾಗದು. ಸಂತೆಯ ವರ್ತಕ ಪರಿಚಯದ ಮುಖವಿರುವ ಹೊನ್ನನ್ನು ನಂಬುತ್ತಾನೆ. ಹೊಸ ಅರಸನಿಗೆ ಆ ನಂಬಿಕೆ ಬೇಕು. ಆದರೂ ಅಳಿಸುವ ಅಧಿಕಾರವಿದ್ದವನು ಅಳಿಸಲಿಲ್ಲವೆಂಬುದು ಸಣ್ಣ ಮಾತಲ್ಲ.

ಟಿಪ್ಪು ಚಿತ್ರಗಳನ್ನು ಕೈಬಿಟ್ಟು ಪಾರಸಿ ಬರಹ ತಂದ. ತಂದೆಯ 'ಹೇ' ಮಾತ್ರ ಉಳಿಸಿಕೊಂಡ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಹೊನ್ನಿನಲ್ಲಿ ಶಿವಪಾರ್ವತಿಯರು ಮರಳಿದರು. ಹೈದರ್ 1779ರಲ್ಲಿ ಮದಕರಿ ನಾಯಕನಿಂದ ಕಿತ್ತುಕೊಂಡ ನಮ್ಮ ದುರ್ಗಕ್ಕೂ ಟಿಪ್ಪುವಿನ ಕಾಲದಲ್ಲಿ ಟಂಕಸಾಲೆ ಬಂತು. ಆನೆಯಿರುವ ಅಲ್ಲಿನ ತಾಮ್ರದ ಪೈಸೆಯ ಮೇಲೆ ಊರಿನ ಹೆಸರು 'ಫರ್ರುಖ್‌ಯಾಬ್ ಹಿಸಾರ್'. ಆ ಹೆಸರನ್ನು ದುರ್ಗದ ಯಾವ ಬಾಯಿಂದಲೂ ನಾವು ಕೇಳಿಲ್ಲ. ಜನ ಒಪ್ಪದ್ದು ಲೋಹದ ಮೇಲಷ್ಟೇ ಉಳಿಯುತ್ತದೇನೋ.

ಪುಸ್ತಕದಲ್ಲಿ ಕಂಡದ್ದನ್ನು ನಾನಿಗೆ ಹೇಳೋಣವೆಂದರೆ ಅಷ್ಟರಲ್ಲಿ ಅವರು ಇರಲಿಲ್ಲ. ಮಾಮುವಿಗೆ ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, "ಆಗ್ಲೇ ಓದಿ ಹೇಳ್ಬಾರ್ದಿತ್ತಾ?" ಎಂದರು.

ಅಕ್ಕ ಹೊಸದುರ್ಗದಲ್ಲಿದ್ದಾಳೆ. ಆ ಹೊನ್ನಿನಿಂದಾದ ಜೋಡಿ ಓಲೆಗಳಲ್ಲಿ ಒಂದು ಬಸ್ಸಿನಲ್ಲಿ ಕಳೆದುಹೋಯಿತು. ಇನ್ನೊಂದನ್ನು ನಮಗೆ ಕೊಡೆಂದು ಎರಡು ಸಲ ಕೇಳಿದೆವು. ಕೊಡಲಿಲ್ಲ.